ಮೊದಲ ಸಂಬಳ, ಮೊದಲ ಬಾಡಿಗೆ ಮನೆ: ಹತ್ತಿರವೋ ದೂರವೋ, ಒಂಟಿಯೋ ಜೊತೆಯೋ?

ಓದು ಮುಗಿಸಿ ಕೆಲಸಕ್ಕೆ ಸೇರಿದವರು ನನ್ನ ಮುಂದೆ ಇಡುವ ಗೊಂದಲ ಹೆಚ್ಚುಕಡಿಮೆ ಒಂದೇ ಬಗೆಯದು. ಕಚೇರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಪುಟ್ಟ ಮನೆ ನೋಡಿ ಬಂದಿರುತ್ತಾರೆ, ಬಾಡಿಗೆ ಕೇಳಿ ಎದೆ ಧಸಕ್ಕೆಂದಿರುತ್ತದೆ. ಊರಿನ ಅಂಚಿನಲ್ಲಿ ಅದಕ್ಕಿಂತ ದೊಡ್ಡ ಮನೆ ಕಡಿಮೆ ಬಾಡಿಗೆಗೆ ಇದೆ, ಆದರೆ ದಿನವೂ ಎರಡು ಬಸ್ಸು ಬದಲಿಸಬೇಕು. ಅಷ್ಟರಲ್ಲಿ ಸಹಪಾಠಿಗಳಿಬ್ಬರು ಫೋನು ಮಾಡಿ, ಮೂವರೂ ಸೇರಿ ಒಂದು ಮನೆ ಹಿಡಿಯೋಣ ಎಂದಿರುತ್ತಾರೆ. ಇನ್ಯಾರೋ, ಪರಿಚಯದವರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಸದ್ಯಕ್ಕೆ ಅಲ್ಲಿರಬಹುದು ಎಂದಿರುತ್ತಾರೆ. ನಾಲ್ಕೂ ಸರಿ ಎನಿಸುತ್ತವೆ, ನಾಲ್ಕರಲ್ಲೂ ಏನೋ ಕೊರತೆ ಕಾಣುತ್ತದೆ.

ತೂಗಿ ನೋಡುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲ ಮನೆ ಹಿಡಿಯುವಾಗ ನಿಮಗೆ ಆ ಕೆಲಸ ಒಗ್ಗುತ್ತದೆಯೇ ಗೊತ್ತಿಲ್ಲ, ಆ ಊರು ಒಗ್ಗುತ್ತದೆಯೇ ಗೊತ್ತಿಲ್ಲ, ಒಬ್ಬರೇ ಇರಬಲ್ಲಿರೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಒಂದು ವರ್ಷದಲ್ಲಿ ಇವುಗಳಲ್ಲಿ ಯಾವುದಾದರೂ ಒಂದು ಬದಲಾಗುವ ಸಾಧ್ಯತೆ ದೊಡ್ಡದು. ಹೀಗಾಗಿ ಮನೆಗೆ ಸೇರುವುದು ಎಷ್ಟು ಸುಲಭ ಎಂದು ನೋಡುವಷ್ಟೇ ಗಮನದಿಂದ, ಬಿಟ್ಟು ಹೊರಡುವುದು ಎಷ್ಟು ಸುಲಭ ಎಂದೂ ನೋಡಬೇಕು. ಹೆಚ್ಚಿನವರು ಇದೊಂದನ್ನೇ ಮರೆಯುತ್ತಾರೆ. ನಾನೂ ಮರೆತಿದ್ದೆ.

ಯಾವ ಅಳತೆಗೋಲು ಹಿಡಿಯಬೇಕು

ಆದಾಯದ ಮೂವತ್ತು ಪ್ರತಿಶತಕ್ಕಿಂತ ಹೆಚ್ಚು ಬಾಡಿಗೆ ಕೊಡಬಾರದು ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಇದರ ಮೂಲ ಅಮೆರಿಕದ ಸರ್ಕಾರಿ ವಸತಿ ನಿಯಮ. 1969ರಲ್ಲಿ ಅಲ್ಲಿ ಸಾರ್ವಜನಿಕ ವಸತಿಗಳ ಬಾಡಿಗೆಯನ್ನು ಕುಟುಂಬದ ಆದಾಯದ ಶೇ 25ಕ್ಕೆ ಮಿತಿಗೊಳಿಸಿದರು, 1981ರಲ್ಲಿ ಆ ಮಿತಿ ಶೇ 30ಕ್ಕೆ ಏರಿತು. ಬಡ ಕುಟುಂಬಗಳಿಗಾಗಿ ಮಾಡಿದ ನಿಯಮವೊಂದು ಆಮೇಲೆ ಎಲ್ಲರ ಬಾಯಲ್ಲೂ ಸೂತ್ರವಾಯಿತು. ಶಿಕ್ಷಣ ಸಾಲದ ಕಂತು ಕಟ್ಟುತ್ತಿರುವ ಹೊಸಬರಿಗೆ ಮೂವತ್ತು ಹೆಚ್ಚೇ ಆಗಬಹುದು, ಸಾಲವಿಲ್ಲದೆ ನಡೆದೇ ಕಚೇರಿಗೆ ಹೋಗುವವರಿಗೆ ಮೂವತ್ತೈದೂ ಹೊರೆಯಾಗದಿರಬಹುದು. ಷಿಕಾಗೋದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಸಂಸ್ಥೆ ವಸತಿ ಮತ್ತು ಸಂಚಾರ ಎರಡನ್ನೂ ಕೂಡಿಸಿ, ಒಟ್ಟು ಆದಾಯದ ಶೇ 45 ದಾಟಬಾರದು ಎನ್ನುತ್ತದೆ. ನನಗೆ ಇದು ಹೆಚ್ಚು ನಂಬಿಕೆಗೆ ಅರ್ಹವಾದ ಗೆರೆ, ಏಕೆಂದರೆ ಮನೆ ದೂರವಾದಷ್ಟೂ ಬಾಡಿಗೆಯಲ್ಲಿ ಉಳಿಸಿದ ಹಣವನ್ನು ದಾರಿ ತಿನ್ನುತ್ತದೆ.

ಹಾಗಾಗಿ ಮೊದಲ ಅಳತೆ, ತಿಂಗಳ ಒಟ್ಟು ಖರ್ಚು. ಕೈಗೆ ಬರುವ ಸಂಬಳವನ್ನು 100 ಎಂದಿಟ್ಟುಕೊಳ್ಳಿ. ಬಾಡಿಗೆಯ ಜೊತೆಗೆ ಕಟ್ಟಡದ ನಿರ್ವಹಣಾ ಶುಲ್ಕ, ವಿದ್ಯುತ್, ನೀರು, ಇಂಟರ್ನೆಟ್, ಓಡಾಟ ಎಲ್ಲವನ್ನೂ ಅದೇ ನೂರರಲ್ಲಿ ಕಳೆಯಿರಿ. ಮನೆ ತೋರಿಸುವವರು ಬಾಡಿಗೆಯನ್ನಷ್ಟೇ ಹೇಳುತ್ತಾರೆ, ಉಳಿದದ್ದನ್ನು ನೀವೇ ಕೇಳಿ ತಿಳಿಯಬೇಕು.

ಎರಡನೆಯದು, ಸೇರುವಾಗ ಒಮ್ಮೆಗೇ ಹೋಗುವ ಹಣ. ಮುಂಗಡ ಹಿಂದಿರುಗುತ್ತದೆ ಎಂದುಕೊಳ್ಳೋಣ. ದಲ್ಲಾಳಿಯ ಶುಲ್ಕ, ಸಾಮಾನು ಸಾಗಣೆ, ಹಾಸಿಗೆ, ಮೇಜು, ಪರದೆ ಇವು ಹಿಂದಿರುಗುವುದಿಲ್ಲ. ಇವೆಲ್ಲ ಸೇರಿ ಎರಡೂವರೆ ತಿಂಗಳ ಬಾಡಿಗೆಯಷ್ಟಾಯಿತು, ನೀವು ಆ ಮನೆಯಲ್ಲಿ ಹತ್ತೇ ತಿಂಗಳು ಇದ್ದಿರಿ ಎಂದರೆ, ನಿಜವಾದ ಬಾಡಿಗೆ ಹೇಳಿದ್ದಕ್ಕಿಂತ ಕಾಲು ಭಾಗ ಹೆಚ್ಚಾಯಿತು. ಅದೇ ಮನೆಯಲ್ಲಿ ಮೂರು ವರ್ಷ ಇದ್ದರೆ ಈ ಹೆಚ್ಚಳ ಶೇ 7ರಷ್ಟು ಮಾತ್ರ. ಎಷ್ಟು ಕಾಲ ಇರುತ್ತೀರಿ ಎಂಬ ಊಹೆ ಬದಲಾದರೆ ಯಾವ ಮನೆ ಅಗ್ಗ ಎಂಬ ಉತ್ತರವೇ ಬದಲಾಗುತ್ತದೆ.

ಮೂರನೆಯದು ಸಮಯ, ಇದಕ್ಕೆ ಮುಂದೆ ಬರುತ್ತೇನೆ. ನಾಲ್ಕನೆಯದು ಬಿಡುವ ಸ್ವಾತಂತ್ರ್ಯ: ಎಷ್ಟು ತಿಂಗಳು ಕಡ್ಡಾಯವಾಗಿ ಇರಬೇಕು, ಎಷ್ಟು ದಿನ ಮೊದಲು ತಿಳಿಸಬೇಕು, ನಡುವೆ ಬಿಟ್ಟರೆ ಏನು ಕಳೆಯುತ್ತಾರೆ. ಐದನೆಯದು, ಆ ಗೋಡೆಗಳ ನಡುವಿನ ದಿನನಿತ್ಯದ ಬದುಕು, ಅಂದರೆ ಬೆಳಕು, ಗಾಳಿ, ನೀರು, ಸದ್ದು, ರಾತ್ರಿ ಮನೆ ಸೇರುವ ದಾರಿ.

ಕಚೇರಿಯ ಹತ್ತಿರದ ಪುಟ್ಟ ಮನೆ, ಒಬ್ಬರೇ

ಇಲ್ಲಿ ಬಾಡಿಗೆ ಹೆಚ್ಚು, ಜಾಗ ಕಡಿಮೆ, ಸಮಯ ಧಾರಾಳ. ಒಂದೇ ಕೋಣೆಯಲ್ಲಿ ಅಡುಗೆ, ನಿದ್ದೆ, ಓದು ಎಲ್ಲವೂ ನಡೆಯಬೇಕು. ಸಂಜೆ ದಣಿದು ಬಂದಾಗ ಆ ಇಕ್ಕಟ್ಟು ತಾಳಬಹುದಾದದ್ದೇ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಕೆಲಸದ ವೇಳೆ ಅನಿಶ್ಚಿತವಾಗಿರುವವರಿಗೆ, ರಾತ್ರಿ ಪಾಳಿಯವರಿಗೆ, ಕಲಿಕೆಯ ಮೊದಲ ತಿಂಗಳುಗಳಲ್ಲಿ ತಡವಾಗಿ ಕಚೇರಿಯಲ್ಲೇ ಉಳಿಯಬೇಕಾದವರಿಗೆ ಈ ಆಯ್ಕೆಗೆ ಸಾಟಿಯಿಲ್ಲ.

ಆದರೆ ಈ ಮನೆಯ ಬೆಲೆಯೆಲ್ಲ ಆ ಕಚೇರಿಯ ಸಾಮೀಪ್ಯಕ್ಕೆ ಕಟ್ಟಿದ್ದು. ಆರು ತಿಂಗಳಿಗೆ ಕೆಲಸ ಬದಲಾಗಿ ಹೊಸ ಕಚೇರಿ ಊರಿನ ಇನ್ನೊಂದು ತುದಿಗೆ ಹೋದರೆ, ಹೆಚ್ಚು ಬಾಡಿಗೆಯೂ ಹಾಗೇ ಮುಂದುವರಿಯುತ್ತದೆ, ದೂರದ ಪ್ರಯಾಣವೂ ಜೊತೆಯಾಗುತ್ತದೆ. ಆದ್ದರಿಂದ ಹತ್ತಿರದ ಮನೆಯನ್ನು ಆರಿಸುವವರು ಕರಾರಿನಲ್ಲಿ ಕಡ್ಡಾಯ ಅವಧಿಯನ್ನು ಕಡಿಮೆ ಮಾಡಿಸಿಕೊಳ್ಳಲು ಪಟ್ಟು ಹಿಡಿಯಬೇಕು. ಬಾಡಿಗೆಯಲ್ಲಿ ಸ್ವಲ್ಪ ಇಳಿಸಿ ಎಂದು ಚೌಕಾಸಿ ಮಾಡುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ, ಮಾಲೀಕರಿಗೂ ಒಪ್ಪಿಕೊಳ್ಳಲು ಸುಲಭ.

ಊರಂಚಿನ ದೊಡ್ಡ ಮನೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ದೂರದ ಮನೆಗೂ ಸಲ್ಲುತ್ತದೆ. ರಜೆಯ ದಿನ ಹೋಗಿ ನೋಡಿದರೆ ಅಗಲವಾದ ಕಿಟಕಿ, ಎರಡು ಕೋಣೆ, ನಿಶ್ಶಬ್ದ. ಅದೇ ಮನೆಯಿಂದ ಕೆಲಸದ ದಿನ ಬೆಳಿಗ್ಗೆ ಹೊರಟು ನೋಡಿದಾಗ ಚಿತ್ರ ಬೇರೆ.

ನಗರದ ಕೇಂದ್ರದಿಂದ ದೂರ ಹೋದಂತೆ ಬಾಡಿಗೆ ಏಕೆ ಇಳಿಯುತ್ತದೆ ಎಂಬುದನ್ನು 1964ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಅಲೋನ್ಸೊ ವಿವರಿಸಿದರು. ಪ್ರಯಾಣದ ಖರ್ಚು ಏರಿದಷ್ಟು ಜನ ನೆಲಕ್ಕೆ ಕೊಡಲು ಒಪ್ಪುವ ಬೆಲೆ ಇಳಿಯುತ್ತದೆ. ಅಂದರೆ ದೂರದ ಮನೆಯ ಬಾಡಿಗೆಯಲ್ಲಿ ನಿಮ್ಮ ಪ್ರಯಾಣದ ಬೆಲೆಯನ್ನು ಆಗಲೇ ಕಳೆದಿರುತ್ತಾರೆ. ಆ ಕಡಿತ ಸಾಕಷ್ಟಿರುತ್ತದೆಯೇ? ಬ್ರೂನೊ ಫ್ರೇ ಮತ್ತು ಅಲೋಯಿಸ್ ಸ್ಟುಟ್ಜರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಸಮೀಕ್ಷೆಗಳನ್ನು ಆಧರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಲ್ಲ. ಹೆಚ್ಚು ಹೊತ್ತು ಪ್ರಯಾಣ ಮಾಡುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡರು, ಅಗ್ಗದ ಮನೆಯಾಗಲಿ ಒಳ್ಳೆಯ ಕೆಲಸವಾಗಲಿ ಅದನ್ನು ಪೂರ್ತಿ ತುಂಬಿಕೊಡಲಿಲ್ಲ.

ನಿಮ್ಮದೇ ಲೆಕ್ಕ ಹಾಕಿ ನೋಡಿ. ದೂರದ ಮನೆಯಿಂದ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ ಹೆಚ್ಚು ಬೇಕು ಎನ್ನೋಣ. ತಿಂಗಳಿಗೆ 22 ದಿನ ಎಂದರೆ 33 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ನೀವು ದುಡಿಯುವುದು 176 ಗಂಟೆ. ಸಾರಿಗೆಯ ಲೆಕ್ಕಾಚಾರಗಳಲ್ಲಿ ಪ್ರಯಾಣದ ಒಂದು ಗಂಟೆಗೆ ಸಂಪಾದನೆಯ ಗಂಟೆಯ ಅರ್ಧದಷ್ಟು ಬೆಲೆ ಕಟ್ಟುವುದು ರೂಢಿಯಲ್ಲಿದೆ. ಆ ಪ್ರಕಾರ 33 ಗಂಟೆಯ ಬೆಲೆ ನಿಮ್ಮ ನೂರರಲ್ಲಿ ಒಂಬತ್ತಕ್ಕಿಂತ ತುಸು ಹೆಚ್ಚು. ಓಡಾಟದ ಖರ್ಚು ಇನ್ನು ನಾಲ್ಕು ಎಂದುಕೊಂಡರೆ ಹದಿಮೂರು. ದೂರದ ಮನೆಯ ಬಾಡಿಗೆ ನಿಮಗೆ ನೂರರಲ್ಲಿ ಹನ್ನೆರಡು ಉಳಿಸುತ್ತದೆ ಎಂದಾದರೆ, ಉಳಿದದ್ದು ಏನೂ ಇಲ್ಲ. ಇಪ್ಪತ್ತು ಉಳಿಸುತ್ತದೆ ಎಂದಾದರೆ ಯೋಚಿಸಬೇಕಾದ ಮಾತು.

ಈಗ ವಾರಕ್ಕೆ ಎರಡೇ ದಿನ ಕಚೇರಿಗೆ ಹೋಗುವವರ ಲೆಕ್ಕ. ತಿಂಗಳಿಗೆ ಒಂಬತ್ತು ದಿನ, ಹದಿಮೂರೂವರೆ ಗಂಟೆ. ಸಮಯಕ್ಕೆ ನಾಲ್ಕು, ಓಡಾಟಕ್ಕೆ ಎರಡಕ್ಕಿಂತ ಕಡಿಮೆ, ಒಟ್ಟು ಆರರ ಒಳಗೆ. ಅದೇ ಹನ್ನೆರಡು ಉಳಿಸುವ ಮನೆ ಈಗ ಸ್ಪಷ್ಟವಾಗಿ ಗೆಲ್ಲುತ್ತದೆ. ಜೊತೆಗೆ ಮನೆಯಲ್ಲೇ ಕೆಲಸ ಮಾಡುವವರಿಗೆ ಎರಡನೆಯ ಕೋಣೆ ಬೇಕೇ ಬೇಕು. ಮನೆಯಿಂದ ಕೆಲಸ ಮಾಡುವ ಅನುಮತಿ ಬಾಯಿಮಾತಿನದೋ ಲಿಖಿತವೋ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಮೂರು ತಿಂಗಳ ನಂತರ ಎಲ್ಲರೂ ದಿನವೂ ಬರಬೇಕು ಎಂಬ ಸುತ್ತೋಲೆ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಕುತೂಹಲದ ವಿಷಯ ಬರೆದರು. ನಡಿಗೆಯ ಕಾಲದಿಂದ ಕಾರಿನ ಕಾಲದವರೆಗೆ ಮನುಷ್ಯರು ದಿನಕ್ಕೆ ಓಡಾಟಕ್ಕೆ ಕೊಡುವ ಸಮಯ ಸರಾಸರಿ ಒಂದು ಗಂಟೆಯ ಆಸುಪಾಸಿನಲ್ಲೇ ಇದೆಯಂತೆ. ಹೋಗಿ ಬರಲು ಒಟ್ಟು ಒಂದು ಗಂಟೆ ಎಂಬುದನ್ನು ನಾನು ಹೊಸಬರಿಗೆ ಮೊದಲ ಜರಡಿಯಾಗಿ ಹೇಳುತ್ತೇನೆ. ಅದನ್ನು ದಾಟಿದರೆ ಬೇರೆ ಏನಾದರೂ ದೊಡ್ಡ ಲಾಭ ಇರಲೇಬೇಕು.

ಸ್ನೇಹಿತರ ಜೊತೆ ಹಂಚಿಕೊಂಡ ಮನೆ

ಹಣದ ದೃಷ್ಟಿಯಿಂದ ಇದನ್ನು ಮೀರಿಸುವುದು ಕಷ್ಟ. ಮೂರು ಕೋಣೆಯ ಮನೆಯ ಬಾಡಿಗೆ ಒಂದು ಕೋಣೆಯ ಮನೆಯ ಮೂರರಷ್ಟು ಇರುವುದು ಅಪರೂಪ. ಇಂಟರ್ನೆಟ್, ಫ್ರಿಜ್, ಬಟ್ಟೆ ಒಗೆಯುವ ಯಂತ್ರ ಎಲ್ಲದರ ಖರ್ಚೂ ಮೂರು ಪಾಲಾಗುತ್ತದೆ. ಹೊಸ ಊರಿನಲ್ಲಿ ಜ್ವರ ಬಂದು ಮಲಗಿದಾಗ ಬಾಗಿಲು ತಟ್ಟಿ ವಿಚಾರಿಸುವವರು ಇರುತ್ತಾರೆ ಎಂಬುದಕ್ಕೆ ನಾನು ಯಾವ ಅಂಕಿಯನ್ನೂ ಕೊಡಲಾರೆ, ಆದರೆ ಅದು ದೊಡ್ಡದು.

ತೊಡಕು ಶುರುವಾಗುವುದು ಎರಡು ಕಡೆ. ಮೊದಲನೆಯದು, ಕೋಣೆಗಳು ಸಮನಾಗಿರುವುದಿಲ್ಲ. ಒಂದಕ್ಕೆ ಸ್ವಂತ ಸ್ನಾನಗೃಹ, ಇನ್ನೊಂದು ರಸ್ತೆಯ ಕಡೆಗೆ, ಮತ್ತೊಂದಕ್ಕೆ ಕಿಟಕಿಯೇ ಸಣ್ಣದು. ಬಾಡಿಗೆಯನ್ನು ಸಮವಾಗಿ ಹಂಚಿ, ಕೋಣೆಯನ್ನು ಮೊದಲು ಬಂದವರು ಹಿಡಿದುಕೊಂಡರೆ ಎರಡನೆಯ ತಿಂಗಳಿಗೇ ಮುಖಗಳು ಬಿಗಿಯುತ್ತವೆ. ಇಬ್ಬರೇ ಇದ್ದರೆ ಸುಲಭದ ದಾರಿಯಿದೆ. ಒಬ್ಬರು ಒಟ್ಟು ಬಾಡಿಗೆಯನ್ನು ಎರಡು ಕೋಣೆಗಳಿಗೆ ತಮಗೆ ನ್ಯಾಯ ಎನಿಸುವಂತೆ ಹಂಚಿ ಬರೆಯಲಿ, ಇನ್ನೊಬ್ಬರು ತಮಗೆ ಬೇಕಾದ ಕೋಣೆ ಆರಿಸಿಕೊಳ್ಳಲಿ. ಹಂಚಿದವರಿಗೆ ಎರಡೂ ಸಮ ಎನಿಸಿರುತ್ತದೆ, ಆರಿಸಿದವರಿಗೆ ಬೇಕಾದದ್ದು ಸಿಕ್ಕಿರುತ್ತದೆ. ಮೂವರು, ನಾಲ್ವರು ಇದ್ದಾಗಲೂ ಯಾರಿಗೂ ಮತ್ತೊಬ್ಬರ ಕೋಣೆಯ ಮೇಲೆ ಆಸೆ ಉಳಿಯದಂತೆ ಬಾಡಿಗೆ ಹಂಚಲು ಸಾಧ್ಯವಿದೆ ಎಂದು ಗಣಿತಜ್ಞ ಫ್ರಾನ್ಸಿಸ್ ಸು 1999ರಲ್ಲಿ ಕೆಲವು ಸಾಮಾನ್ಯ ಷರತ್ತುಗಳ ಮೇಲೆ ಸಾಧಿಸಿ ತೋರಿಸಿದರು. ಕೋಣೆಗಳಿಗೆ ಬೇರೆ ಬೇರೆ ಬೆಲೆ ಇಡಲು ಒಪ್ಪಿ, ಎಲ್ಲರೂ ಒಂದು ಸಂಜೆ ಕುಳಿತು ಆ ಬೆಲೆಗಳನ್ನು ಏರಿಸಿ ಇಳಿಸಿ ನೋಡುವ ತಾಳ್ಮೆ ಬೇಕು, ಅಷ್ಟೇ.

ಎರಡನೆಯ ತೊಡಕು ಇನ್ನೂ ಗಂಭೀರ. ಕರಾರಿಗೆ ಮೂವರೂ ಜಂಟಿ ಹೊಣೆಗಾರರಾಗಿ ಸಹಿ ಹಾಕಿದ್ದರೆ, ಒಬ್ಬರು ನಡುವೆ ಬಿಟ್ಟುಹೋದಾಗ ಅವರ ಪಾಲನ್ನೂ ಮಾಲೀಕರು ಉಳಿದವರಿಂದ ಕೇಳಬಹುದು. ಒಬ್ಬರ ಹೆಸರಿನಲ್ಲಷ್ಟೇ ಕರಾರು ಇದ್ದರೆ ಆ ಒಬ್ಬರ ತಲೆಗೆ ಎಲ್ಲವೂ ಬರುತ್ತದೆ, ಉಳಿದಿಬ್ಬರಿಗೆ ಮನೆಯ ಮೇಲೆ ಯಾವ ಹಕ್ಕೂ ಇರುವುದಿಲ್ಲ. ಸ್ನೇಹದಲ್ಲಿ ಇದನ್ನೆಲ್ಲ ಹೇಗೆ ಕೇಳುವುದು ಎಂದು ಹಿಂಜರಿಯುತ್ತಾರೆ. ಸ್ನೇಹ ಉಳಿಯಬೇಕೆಂದೇ ಕೇಳಬೇಕು. ಬಿಡುವವರು ಎಷ್ಟು ದಿನ ಮೊದಲು ಹೇಳಬೇಕು, ಬದಲಿ ವ್ಯಕ್ತಿಯನ್ನು ಯಾರು ಹುಡುಕಬೇಕು, ಅವರ ಮುಂಗಡದ ಪಾಲನ್ನು ಯಾರು ಕೊಡಬೇಕು ಎಂಬ ಮೂರು ಸಾಲನ್ನು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿಟ್ಟುಕೊಳ್ಳಿ.

ಬಿಡುವ ಸ್ವಾತಂತ್ರ್ಯದ ಅಳತೆಯಲ್ಲಿ, ಈ ಹಾಳೆ ಇರುವ ಹಂಚಿಕೆಯ ಮನೆಗೆ ಒಳ್ಳೆಯ ಅಂಕ ಸಿಗುತ್ತದೆ, ಇಲ್ಲದಿದ್ದರೆ ನಾಲ್ಕು ಆಯ್ಕೆಗಳಲ್ಲೇ ಕಡಿಮೆ. ಒಂಟಿತನ ಬೇಕೇ ಬೇಕು ಎನ್ನುವ ಸ್ವಭಾವದವರು, ಹಗಲು ಮಲಗಬೇಕಾದ ರಾತ್ರಿ ಪಾಳಿಯವರು ಎಷ್ಟೇ ಅಗ್ಗವಾದರೂ ಇದರ ಗೋಜಿಗೆ ಹೋಗದಿರುವುದು ಒಳ್ಳೆಯದು.

ಇನ್ನೊಬ್ಬರ ಮನೆಯಲ್ಲೊಂದು ಕೋಣೆ

ಮಂಚ, ಬೀರು, ಮೇಜು ಎಲ್ಲವೂ ಇರುತ್ತವೆ, ಮುಂಗಡ ಕಡಿಮೆ, ಬಿಡುವುದು ಸುಲಭ. ಅಡುಗೆಮನೆಯ ವೇಳೆ, ಬಂದುಹೋಗುವವರು, ರಾತ್ರಿ ಬಾಗಿಲು ಹಾಕುವ ಹೊತ್ತು ಇವೆಲ್ಲ ಅವರ ನಿಯಮದಂತೆ. ವರ್ಷಗಟ್ಟಲೆ ಇರಲು ಇದು ಹಿತವಲ್ಲ. ಆದರೆ ಊರೇ ಗೊತ್ತಿಲ್ಲದವರಿಗೆ ಮೊದಲ ಎರಡು ಮೂರು ತಿಂಗಳಿಗೆ ನಾನು ಇದನ್ನೇ ಹೇಳುತ್ತೇನೆ. ದೂರದಿಂದ, ಫೋಟೊ ನೋಡಿ ಒಂದು ವರ್ಷದ ಕರಾರಿಗೆ ಸಹಿ ಹಾಕುವುದಕ್ಕಿಂತ ಹತ್ತಿರದಲ್ಲಿ ಒಂದು ಕೋಣೆ ಹಿಡಿದು, ವಾರಾಂತ್ಯಗಳಲ್ಲಿ ಬಡಾವಣೆಗಳನ್ನು ಕಾಲ್ನಡಿಗೆಯಲ್ಲಿ ನೋಡುವುದು ಎಷ್ಟೋ ಮೇಲು. ಮನೆಯನ್ನು ಕಾಣದೆ, ಮಾಲೀಕರ ಗುರುತು ಖಚಿತವಾಗದೆ ಮುಂಗಡ ಕಳಿಸಲೇಬೇಡಿ. ಇವತ್ತೇ ಕಳಿಸದಿದ್ದರೆ ಕೈತಪ್ಪುತ್ತದೆ ಎಂದು ಅವಸರಪಡಿಸಿದರಂತೂ ಅದೇ ನಿಲ್ಲಬೇಕಾದ ಜಾಗ.

ಬಡಾವಣೆ ಆರಿಸುವಾಗ

ಮನೆಯನ್ನು ಸಣ್ಣಪುಟ್ಟ ರಿಪೇರಿ ಮಾಡಿಸಿಕೊಳ್ಳಬಹುದು, ಬಡಾವಣೆಯನ್ನು ಆಗುವುದಿಲ್ಲ. ಹೊಸಬರ ಮುಂದೆ ಸಾಮಾನ್ಯವಾಗಿ ಮೂರು ಬಗೆಯ ಬಡಾವಣೆಗಳಿರುತ್ತವೆ.

ವಿದ್ಯಾರ್ಥಿಗಳೇ ಹೆಚ್ಚಿರುವ ಕಡೆ ಸಣ್ಣ ಮನೆಗಳು ಸಿಗುತ್ತವೆ, ಬಿಡುವುದು ಹಿಡಿಯುವುದು ಸರಾಗ, ಅಂಗಡಿಗಳು ತಡರಾತ್ರಿಯವರೆಗೆ ತೆರೆದಿರುತ್ತವೆ. ಗದ್ದಲ ಇರುತ್ತದೆ, ಮನೆಗಳು ಸವೆದಿರುತ್ತವೆ. ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಒಮ್ಮೆಗೇ ಮನೆಗಳು ಖಾಲಿಯಾಗುತ್ತವೆ, ಚೌಕಾಸಿಗೆ ಅದು ಸಕಾಲ. ಹಳೆಯ, ನೆಲೆನಿಂತ ಬಡಾವಣೆಗಳಲ್ಲಿ ಬಾಡಿಗೆ ಮಧ್ಯಮ, ಮರ, ಅಂಗಡಿ, ಔಷಧಾಲಯ, ಬಸ್ಸು ಎಲ್ಲ ಕೂಗಳತೆಯಲ್ಲಿ. ಮನೆ ಖಾಲಿಯಾಗುವುದು ಅಪರೂಪ, ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ, ಹಾಗಾಗಿ ಕಾಯಬೇಕು. ಹೊಸದಾಗಿ ಏಳುತ್ತಿರುವ ಕಡೆ ಕಟ್ಟಡ ಹೊಸದು, ಬಾಡಿಗೆ ಆಕರ್ಷಕ. ಮುಂದಿನ ವರ್ಷ ರೈಲು ಬರುತ್ತದೆ, ರಸ್ತೆ ಅಗಲವಾಗುತ್ತದೆ ಎಂಬ ಮಾತುಗಳು ಅಲ್ಲಿ ಧಾರಾಳವಾಗಿ ಕೇಳುತ್ತವೆ. ನೀವು ಇರುವುದು ಈ ವರ್ಷ. ನಾಳೆ ಬರುವ ಸೌಲಭ್ಯಕ್ಕೆ ಇವತ್ತಿನ ಬಾಡಿಗೆಯಲ್ಲಿ ಬೆಲೆ ಕೊಡಬೇಡಿ.

ಒಂದೇ ಬಸ್ ಮಾರ್ಗವಿರುವ ಬಡಾವಣೆಗಿಂತ, ಬೇರೆ ಬೇರೆ ದಿಕ್ಕಿಗೆ ಹೋಗುವ ಎರಡು ಮಾರ್ಗಗಳು ಕೂಡುವ ಕಡೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಇರುವುದು ಮೇಲು. ಕೆಲಸ ಬದಲಾದರೂ ಮನೆ ಬದಲಿಸದೆ ಉಳಿಯಬಹುದು. ಕೆಲಸದಲ್ಲಿ ನಿಲ್ಲುವ ಭರವಸೆ ಇಲ್ಲದವರಿಗೆ, ನನ್ನ ಲೆಕ್ಕದಲ್ಲಿ, ಕಚೇರಿಯ ಪಕ್ಕದ ಮನೆಗಿಂತಲೂ ಇದೇ ಒಳ್ಳೆಯ ಆಯ್ಕೆ.

ನೋಡಲು ಮೂರು ಬಾರಿ ಹೋಗಿ: ಕೆಲಸದ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ, ಬಿಸಿಲು ಇಳಿಯುವ ಮುನ್ನ, ಮತ್ತು ರಾತ್ರಿ. ಬೆಳಿಗ್ಗೆ ಹೋದಾಗ ನಲ್ಲಿ ತಿರುಗಿಸಿ ನೋಡಿ, ಎಲ್ಲರೂ ನೀರು ಬಳಸುವ ಹೊತ್ತಿನಲ್ಲೇ ಅದರ ಬಿರುಸು ತಿಳಿಯುವುದು. ಇಳಿಹೊತ್ತಿನಲ್ಲಿ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ, ಅದು ಕಾದಿದ್ದರೆ ರಾತ್ರಿ ಕೋಣೆಯೂ ಕಾದಿರುತ್ತದೆ. ಮೇಲಂತಸ್ತಿನ ಮನೆಯಾದರೆ ಚಾವಣಿಯದೂ ಇದೇ ಕಥೆ. ರಾತ್ರಿ ಬಸ್ಸಿನಿಂದ ಇಳಿದು ಮನೆಯವರೆಗೆ ಒಬ್ಬರೇ ನಡೆಯಿರಿ. ಎಷ್ಟು ದೀಪ ಉರಿಯುತ್ತಿವೆ, ಎಷ್ಟು ಬಾಗಿಲು ತೆರೆದಿವೆ, ಉದ್ದಕ್ಕೂ ಬರೀ ಕಾಂಪೌಂಡ್ ಗೋಡೆಯೇ ಇರುವ ತುಂಡು ಎಷ್ಟು ಹೆಜ್ಜೆ ಎಂದು ಎಣಿಸಿ. ತಡವಾಗಿ ಮನೆ ಸೇರುವ ಹೆಣ್ಣುಮಕ್ಕಳಿಗೆ ಆ ಕೊನೆಯ ಮುನ್ನೂರು ಹೆಜ್ಜೆಗಳೇ ಬಡಾವಣೆಯ ನಿಜವಾದ ಗುಣ. ಆ ದಾರಿ ಮನಸ್ಸಿಗೆ ಬರದಿದ್ದರೆ ಉಳಿದ ಯಾವ ಲೆಕ್ಕವನ್ನೂ ಹಾಕದೆ ಬಿಟ್ಟುಬಿಡಿ. ಸದ್ದಿನ ವಿಷಯದಲ್ಲಿ, ರಾತ್ರಿ ಮನೆಯ ಹೊರಗಿನ ಸರಾಸರಿ ಶಬ್ದ 40 ಡೆಸಿಬೆಲ್ ಮೀರದಿರುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2009ರಲ್ಲಿ ಹೇಳಿತು. ಮುಖ್ಯರಸ್ತೆಯ ಮನೆಗಳಲ್ಲಿ ಅದು ಸಿಗುವುದಿಲ್ಲ, ಹಿಂಬದಿಯ ಕೋಣೆಯಿದ್ದರೆ ಅದನ್ನೇ ಕೇಳಿ.

ಯಾರಿಗೆ ಯಾವುದು

ಸಾಲದ ಕಂತು ಇದ್ದು ಕೈ ಬಿಗಿಯಾಗಿದ್ದರೆ ಹಂಚಿಕೆಯ ಮನೆ, ಆ ಒಂದು ಹಾಳೆಯ ಒಪ್ಪಂದದೊಂದಿಗೆ. ಕೆಲಸ ಆರು ತಿಂಗಳ ಪರೀಕ್ಷಾವಧಿಯಲ್ಲಿದ್ದರೆ ಇನ್ನೊಬ್ಬರ ಮನೆಯ ಕೋಣೆ, ಕೆಲಸ ಕಾಯಂ ಆದ ಮೇಲೆ ಬೇರೆ ಯೋಚನೆ. ರಾತ್ರಿ ಪಾಳಿಯವರು ಕಚೇರಿಯ ಹತ್ತಿರದ ಪುಟ್ಟ ಮನೆಗೆ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ಮನೆಯಿಂದಲೇ ಕೆಲಸ ಎಂಬುದು ಲಿಖಿತವಾಗಿದ್ದರೆ ಊರಂಚಿನ ದೊಡ್ಡ ಮನೆ. ತಂದೆತಾಯಿಯ ಮನೆಯಿಂದಲೇ ಓಡಾಡಲು ಆಗುವವರು ಒಂದು ವರ್ಷ ಹಾಗೇ ಇದ್ದು, ಮೂರು ತಿಂಗಳ ಖರ್ಚಿನಷ್ಟು ಹಣ ಕೂಡಿಟ್ಟು ಹೊರಟರೆ, ಆಮೇಲೆ ಇಷ್ಟವಿಲ್ಲದ ಮನೆಯಲ್ಲಿ ಹಣವಿಲ್ಲದೆ ಸಿಕ್ಕಿಬೀಳುವ ಪ್ರಮೇಯ ಬರುವುದಿಲ್ಲ.

ಇನ್ನು, ಕೀಲಿಕೈ ಕೈಗೆ ಬಂದ ದಿನದ ಕೆಲಸ. ನಾನು ನೋಡಿದ ಮೊದಲ ಮನೆಯಲ್ಲಿ ಮೂರು ಗೋಡೆಗಳ ಬಣ್ಣ ಮಾಸಿತ್ತು, ನಾಲ್ಕನೆಯದು ಮಾತ್ರ ಹೊಚ್ಚಹೊಸದಾಗಿ ಮಿರುಗುತ್ತಿತ್ತು. ಚೆಂದವಾಗಿದೆ ಎಂದುಕೊಂಡೆ, ಒಂದೇ ಗೋಡೆಗೆ ಏಕೆ ಬಳಿದಿದ್ದಾರೆ ಎಂದು ಕೇಳಲಿಲ್ಲ. ಮೊದಲ ಮಳೆಗೆ ಆ ಬಣ್ಣ ಬೊಬ್ಬೆಯೆದ್ದಿತು. ಬೆರಳು ತಾಗಿಸಿದರೆ ಒಳಗೆ ತಣ್ಣನೆಯ ನೀರು, ಒಡೆದರೆ ಸುಣ್ಣದ ಪುಡಿ. ಮಂಚವನ್ನು ಕೋಣೆಯ ನಡುವೆ ಎಳೆದುಕೊಂಡು ಮಲಗಿದೆ. ಎಂಟು ತಿಂಗಳಿಗೆ ಮನೆ ಬಿಟ್ಟಾಗ ಮಾಲೀಕರು ಗೋಡೆ ಹಾಳುಮಾಡಿದ್ದಕ್ಕೆಂದು ನನ್ನ ಮುಂಗಡದಲ್ಲಿ ಒಂದು ಪಾಲು ಹಿಡಿದುಕೊಂಡರು. ಅದು ಮೊದಲೇ ಹಾಗಿತ್ತು ಎಂದು ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ.

ಸಾಮಾನು ಒಳಗೆ ಇಡುವ ಮುನ್ನ ಖಾಲಿ ಮನೆಯ ಪ್ರತಿ ಗೋಡೆ, ನಲ್ಲಿ, ಕಿಟಕಿ, ಬಾಗಿಲಿನ ಚಿಲಕದ ಫೋಟೊ ತೆಗೆಯಿರಿ. ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿಯನ್ನೂ ತೆಗೆಯಿರಿ. ಎಲ್ಲವನ್ನೂ ಅದೇ ದಿನ ಮಾಲೀಕರ ಮೊಬೈಲ್‌ಗೆ ಕಳಿಸಿ, ನೋಡಿದ್ದೇನೆ ಎಂಬ ಒಂದು ಸಾಲಿನ ಉತ್ತರ ಬರುವವರೆಗೆ ಕಾಯಿರಿ, ಆಮೇಲೆ ಮಂಚವನ್ನು ಒಳಗೆ ತನ್ನಿ.